ಓರೆಯಾಗಿ ಹೆಪ್ಪುಗಟ್ಟಿದ ನೀರು

ಅವರು ಪೆನ್ನನ್ನು ನಂಬುತ್ತಿರಲಿಲ್ಲ. ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್, ಗುರುತಿನ ಚೀಟಿಯ ಹಿಂದೆ ಅದನ್ನು ಹೆರೆಯಲು ಅರ್ಧ ಬ್ಲೇಡು. ಫ್ರೀಜರಿಗೆ ಹೋಗುವ ಪ್ರತಿ ಮಣ್ಣಿನ ಚೀಲಕ್ಕೂ ಎರಡು ಚೀಟಿ ಬರೆಯುತ್ತಿದ್ದರು, ಒಳಗೊಂದು, ಹೊರಗೊಂದು. ಸ್ಥಳ, ಆಳ, ದಿನಾಂಕ, ತೆಗೆದವರ ಹೆಸರು. ನಾನು ಸೇರಿದ ಮೊದಲ ವಾರ ಬಾಲ್‌ಪೆನ್ನಿನಲ್ಲಿ ಬರೆದಿದ್ದ ಹದಿನೆಂಟು ಚೀಟಿಗಳನ್ನು ಒಂದೊಂದಾಗಿ ಕಿತ್ತು ನನ್ನ ಮುಂದೆ ಸಾಲಾಗಿ ಇಟ್ಟರು.

"ಶಾಯಿ ಪಸೆಗೆ ಹರಡತ್ತಮ್ಮ. ಆಮೇಲೆ ಯಾವ ಮಣ್ಣು ಎಲ್ಲಿಯದು ಅಂತ ಮಣ್ಣನ್ನೇ ಕೇಳ್ಬೇಕಾಗತ್ತೆ."

"ಸಾರಿ ಸರ್."

"ಸಾರಿ ಮಣ್ಣಿಗೆ ಹೇಳು. ನನಗೆ ಪೆನ್ಸಿಲಲ್ಲಿ ಬರೆದುಕೊಡು, ಸಾಕು."

ನಾನು ಕನ್ನಡದವಳೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದಿದ್ದ ಎರಡು ಇನಿಷಿಯಲ್ ನೋಡಿಯೇ ತಿಳಿದುಕೊಂಡರಂತೆ. "ಊರನ್ನೂ ಅಪ್ಪನನ್ನೂ ಹೆಸರಿನ ಮುಂದೆ ಹೊತ್ಕೊಂಡು ಬರೋದು ನಮ್ಮ ಕಡೆಯವರೇ," ಎಂದು ನಕ್ಕರು. ಅವರು ತುಮಕೂರು ಕಡೆಯವರು. ದೆಹಲಿಯ ಆ ಸಂಸ್ಥೆಯ ಮಣ್ಣು ಪ್ರಯೋಗಾಲಯದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿ ಮೂವತ್ತು ವರ್ಷವಾಗಿತ್ತು. ನಾನು ಪಿಎಚ್.ಡಿ.ಗೆ ಸೇರಿದಾಗ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು.

ಈ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಬರೆಯುವುದೆಂದರೆ ನಾನು ಮಾಡಿದ ಒಂದು ಕೆಲಸದ ಬಗ್ಗೆಯೂ ಬರೆಯಬೇಕಾಗುತ್ತದೆ. ಅದರೊಳಗೆ ಅವರ ಹೆಸರನ್ನು ಎಳೆಯುವುದು ಬೇಡ ಅನ್ನಿಸಿದೆ.

ಡೀಪ್ ಫ್ರೀಜರಿನ ಬಾಗಿಲು ತೆಗೆಯುವ ಮುನ್ನ ಅವರು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಒಳಗಿನ ಮಣ್ಣುಗಳು ಮಲಗಿವೆ, ಹೇಳದೆ ಹೋಗಬಾರದು ಎನ್ನುವುದು ಅವರ ತಮಾಷೆ. ರೋಹ್ತಕ್‌ನಿಂದ ಬಂದಿದ್ದ ನನ್ನ ಸಹಪಾಠಿಯೊಬ್ಬ, ಒಳಗಿನಿಂದ ಯಾರಾದರೂ ಮಾತಾಡಿದರಾ ಎಂದು ಅವರನ್ನು ರೇಗಿಸುತ್ತಿದ್ದ. "ಬಾಬೂಜಿ, ಅಂದರ್ ಸೇ ಕೋಯೀ ಬೋಲಾ ಕ್ಯಾ?"

"ಬೋಲಾ. ಬೋಲಾ ಕಿ ಬಾಹರ್ ಏಕ್ ಬಂದರ್ ಖಡಾ ಹೈ, ದರ್‌ವಾಜಾ ಜಲ್ದಿ ಬಂದ್ ಕರೋ." ಹೊರಗೊಂದು ಮಂಗ ನಿಂತಿದೆ, ಬೇಗ ಬಾಗಿಲು ಹಾಕಿ ಅಂತ ಹೇಳಿದರಂತೆ.

ದೀಪಾವಳಿ ಕಳೆದ ಮರುದಿನ ತಲೆಗೇರಿದ ಅವರ ಮಂಕಿ ಟೋಪಿ ಹೋಳಿಯ ತನಕ ಇಳಿಯುತ್ತಿರಲಿಲ್ಲ. ಅದನ್ನು ಹಾಕಿಕೊಂಡೇ ಮಧ್ಯಾಹ್ನ ಮೆಟ್ಟಿಲ ಮೇಲೆ ಬಿಸಿಲಿಗೆ ಕುಳಿತು ಮೊಸರನ್ನ ತಿನ್ನುತ್ತಿದ್ದರು. ಮೈನಸ್ ಇಪ್ಪತ್ತು ಡಿಗ್ರಿಯ ಪೆಟ್ಟಿಗೆಯೊಳಗೆ ದಿನಕ್ಕೆ ಹತ್ತು ಸಲ ಕೈ ಹಾಕುವ ಮನುಷ್ಯ ಹಿಮವನ್ನು ಕಣ್ಣಿನಿಂದ ನೋಡಿರಲಿಲ್ಲ. ಹಿಮಾಚಲದ ಲಾಹೌಲ್ ಕಣಿವೆಯ ಮಣ್ಣನ್ನು ಯಾರೋ ತರುತ್ತಿದ್ದರು, ಇವರು ಜೋಪಾನ ಮಾಡುತ್ತಿದ್ದರು. ಪ್ರವಾಸದ ಪಟ್ಟಿಯಲ್ಲಿ ಪ್ರತಿ ವರ್ಷವೂ ಯಾರದೋ ಹೆಸರು ಅವರಿಗಿಂತ ಮುಂದಿರುತ್ತಿತ್ತು. ನಿವೃತ್ತಿಯ ವರ್ಷ ನನ್ನ ಗೈಡ್ ಮೇಡಂ ಮಾತು ಕೊಟ್ಟಿದ್ದರು, ಮೇ ಕೊನೆಯಲ್ಲಿ ಕಣಿವೆಯ ದಾರಿ ತೆರೆದಾಗ ನನ್ನ ಜೊತೆ ಅವರೂ ಹೋಗುವುದೆಂದು. ಅವರು ಆಗಲೇ ಜನಪಥದಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಜಾಕೆಟ್ ಕೊಂಡಿದ್ದರು. ತೋಳು ಉದ್ದವಾಗಿತ್ತು.

"ನೆಲ ಕರಗೋವಾಗ ಸದ್ದು ಬರತ್ತಂತೆ, ನಿಜವಾ?" ಎಂದು ಹೋಗಿ ಬಂದವರನ್ನೆಲ್ಲ ಕೇಳುತ್ತಿದ್ದರು. ಮಣ್ಣು ತರುವ ಆತುರದಲ್ಲಿ ಯಾರೂ ಅದನ್ನು ಗಮನಿಸಿರುತ್ತಿರಲಿಲ್ಲ.

ನನ್ನ ಕೆಲಸವೂ ಆ ಕರಗುವುದರದ್ದೇ. ಮಣ್ಣು ಹೆಪ್ಪುಗಟ್ಟಿದಾಗ ಅದರೊಳಗಿನ ನೀರು ಉಬ್ಬುತ್ತದೆ, ಹೆಂಟೆಗಳು ಒಳಗಿನಿಂದ ಬಿರಿಯುತ್ತವೆ, ಸೂಕ್ಷ್ಮಜೀವಿಗಳಲ್ಲಿ ಎಷ್ಟೋ ಒಡೆದು ಸಾಯುತ್ತವೆ. ಕರಗಿದಾಗ, ಅದುವರೆಗೆ ಮಣ್ಣು ಹಿಡಿದಿಟ್ಟುಕೊಂಡಿದ್ದ ಎಲೆ ಬೇರುಗಳ ಕೊಳೆತ ಅಂಶ, ಸತ್ತ ಜೀವಿಗಳ ಅಂಶ ಎಲ್ಲ ನೀರಿಗೆ ಬಿಟ್ಟುಕೊಳ್ಳುತ್ತದೆ. ಉಳಿದ ಜೀವಿಗಳು ಅದನ್ನು ತಿಂದು ಉಸಿರಾಡುತ್ತವೆ, ಇಂಗಾಲ ಗಾಳಿಗೆ ಹೋಗುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಮಣ್ಣಿನಲ್ಲಿ ಎಷ್ಟು ಉಳಿಯುತ್ತದೆ ಎನ್ನುವುದು ನನ್ನ ಪ್ರಶ್ನೆ. ಹೋಲಿಸಿ ನೋಡಲು, ತಂದ ದಿನದಿಂದ ಒಮ್ಮೆಯೂ ಕರಗದ ಮಣ್ಣು ಬೇಕು. ನವೆಂಬರಿನಲ್ಲಿ ದಾರಿ ಮುಚ್ಚುವ ಮೊದಲು ತಂದಿದ್ದ ಅಂಥ ನಲವತ್ತು ಚೀಲಗಳು ಅವರ ಫ್ರೀಜರಿನಲ್ಲಿದ್ದವು. ನನ್ನ ಥೀಸಿಸ್ ಆ ಚೀಲಗಳ ಮೇಲೆಯೇ ನಿಂತಿತ್ತು.

ಈ ಪಾಠವನ್ನು ಅವರು ನನಗೆ ಮಾಡಿದ್ದು ಆರ್.ಕೆ.ಪುರಂನ ತಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ತೆಂಗಿನತುರಿಯ ಡಬ್ಬಿ ಹಿಡಿದು. ಭಾನುವಾರ ಅವರ ಹೆಂಡತಿ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಅವರನ್ನು ನಾನು ಆಂಟಿ ಎನ್ನುತ್ತಿದ್ದೆ. ದೆಹಲಿಯಲ್ಲಿ ಒಳ್ಳೆಯ ಕಾಯಿ ಸಿಕ್ಕಾಗ ಆಂಟಿ ನಾಲ್ಕಾರು ತುರಿದು ಫ್ರೀಜರಿನಲ್ಲಿ ಇಟ್ಟುಬಿಡುತ್ತಿದ್ದರು.

"ನೋಡು, ಇದು ಕರೆಂಟ್ ಹೋದಾಗ ಕರಗಿ ಮತ್ತೆ ಗಟ್ಟಿಯಾದ ತುರಿ. ಇದು ಆಮೇಲೆ ಇಟ್ಟದ್ದು, ಒಂದ್ಸಲಾನೂ ಕರಗಿಲ್ಲ. ಕಣ್ಣಿಗೆ ಎರಡೂ ಒಂದೇ. ಈಗ ನೀರಿಗೆ ಹಾಕು." ಕರಗಿದ್ದ ತುರಿ ಕ್ಷಣದಲ್ಲಿ ನೀರನ್ನು ಬೆಳ್ಳಗೆ ಮಾಡಿತು, ಕೈಯಲ್ಲಿ ಸಪ್ಪೆ ನಾರು ಉಳಿಯಿತು. "ಹೊರಗಿಂದ ಎಷ್ಟು ಗಟ್ಟಿಯಾದರೇನು, ಒಳಗೆ ಬಿಟ್ಕೊಂಡಿರತ್ತೆ."

"ರೀ, ಅದು ಸಾಂಬಾರಿಗೆ ಇಟ್ಟಿದ್ದು. ಮನೇಲೂ ಲ್ಯಾಬೇನಾ ನಿಮಗೆ?" ಎಂದು ಆಂಟಿ ಡಬ್ಬಿ ಕಿತ್ತುಕೊಂಡರು.

ಫ್ರೀಜರ್ ನಾವಿಲ್ಲದಾಗ ಕರಗಿ ಮತ್ತೆ ಗಟ್ಟಿಯಾಯಿತೇ ಎಂದು ತಿಳಿಯಲು ಅವರದೇ ಒಂದು ಉಪಾಯವಿತ್ತು. ಸಣ್ಣ ಪಾರದರ್ಶಕ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಮರದ ತುಂಡಿಗೆ ಒರಗಿಸಿ ಓರೆಯಾಗಿ ಹೆಪ್ಪುಗಟ್ಟಿಸುವುದು. ಆಮೇಲೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದರೆ ಒಳಗಿನ ಮಂಜುಗಡ್ಡೆ ಇಳಿಜಾರಾಗಿ ನಿಂತಿರುತ್ತದೆ. ಎಂದಾದರೂ ಕರಗಿದರೆ ನೀರು ಮಟ್ಟವಾಗುತ್ತದೆ, ಮತ್ತೆ ಹೆಪ್ಪುಗಟ್ಟಿದರೂ ಮಟ್ಟವಾಗಿಯೇ ಇರುತ್ತದೆ. ಬೆಳಿಗ್ಗೆ ಬಂದವರು ಮೊದಲು ಬಾಟಲಿ ನೋಡಬೇಕು, ರಿಜಿಸ್ಟರಿನಲ್ಲಿ 'ಸರಿ' ಎಂದು ಬರೆದು ಸಹಿ ಹಾಕಬೇಕು. ರಜೆಯ ದಿನಗಳಿಗೆ ಸರದಿಯ ಪಟ್ಟಿ ಇತ್ತು.

ಆ ವರ್ಷ ಹೋಳಿಯ ದಿನ ಸರದಿ ಅವರದು. ಹಿಂದಿನ ವಾರ ಆಂಟಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಎರಡೆರಡು ಗಂಟೆಗೆ ಔಷಧಿಯ ಹನಿ ಹಾಕಬೇಕಿತ್ತು. ನಾನೇ ಹೇಳಿದೆ. "ನೀವು ಮನೇಲಿರಿ ಸರ್. ನಾನು ಹಾಸ್ಟೆಲಲ್ಲೇ ಇರ್ತೀನಿ, ನೋಡ್ಕೊಂಡು ಬರ್ತೀನಿ."

"ಮರೀಬೇಡ ಮತ್ತೆ. ಹಳೇ ಫ್ರೀಜರು, ಬಾಗಿಲಿನ ರಬ್ಬರು ಬೇರೆ ಹೋಗಿದೆ."

"ಮರೆಯಲ್ಲ ಸರ್."

ಮರೆಯಲಿಲ್ಲ. ಹಿಂದಿನ ಎರಡು ಹೋಳಿಗೂ ನಾನು ಊರಿನಲ್ಲಿದ್ದೆ. ಆ ದಿನ ಹುಡುಗಿಯರ ಹಾಸ್ಟೆಲಿನ ಗೇಟಿಗೆ ಸಂಜೆಯವರೆಗೆ ಬೀಗ ಹಾಕುತ್ತಾರೆಂಬುದು ನನಗೆ ಗೊತ್ತೇ ಇರಲಿಲ್ಲ. ವಾರ್ಡನ್‌ಗೆ ಫ್ರೀಜರಿನ ವಿಷಯ ಹೇಳಿದರೆ, "ಮಣ್ಣು ಓಡಿಹೋಗುತ್ತದೆಯೇ ಬೇಟಾ?" ಎಂದರು. ಐದಕ್ಕೆ ಬೀಗ ತೆಗೆದರು. ಹೊರಗೆ ದಾರಿಯುದ್ದಕ್ಕೂ ಬಣ್ಣ ಬಳಿದುಕೊಂಡ ಹುಡುಗರು ಕೂಗುತ್ತ ನಿಂತಿದ್ದರು. ನಾನು ಗೇಟಿನವರೆಗೆ ಹೋಗಿ ಹಿಂದಿರುಗಿದೆ. ಅವರ ಮನೆಗೆ ಫೋನ್ ಮಾಡಬಹುದಿತ್ತು. ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ.

ಮರುದಿನ ಏಳು ಗಂಟೆಗೆ ಹೋದಾಗ ಫ್ರೀಜರ್ ಎಂದಿನಂತೆ ಗುಂಯ್‌ಗುಟ್ಟುತ್ತಿತ್ತು. ಕಾವಲುಗಾರ, "ಮೇಡಂಜಿ, ಕಲ್ ದಿನ್ ಭರ್ ಲೈಟ್ ನಹೀಂ ಥೀ, ಟ್ರಾನ್ಸ್‌ಫಾರ್ಮರ್ ಉಡ್ ಗಯಾ ಥಾ," ಎಂದ. ನಿನ್ನೆ ಇಡೀ ದಿನ ಕರೆಂಟೇ ಇರಲಿಲ್ಲವಂತೆ. ಬಾಗಿಲು ತೆಗೆದೆ. ಬಾಟಲಿಯ ಮಂಜುಗಡ್ಡೆ ಮೇಜಿನಂತೆ ಮಟ್ಟವಾಗಿತ್ತು.

ಆಗ ನಾನು ಮಾಡಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ಕರಗಿಸಿದೆ. ಪಕ್ಕದ ಲ್ಯಾಬಿನಲ್ಲಿದ್ದ ಮೈನಸ್ ಎಂಬತ್ತರ ಫ್ರೀಜರಿನಲ್ಲಿ ಓರೆಯಾಗಿ ಇಟ್ಟೆ. ಒಂಬತ್ತೂವರೆಗೆ ತಂದು ಅದರ ಜಾಗದಲ್ಲಿ ನಿಲ್ಲಿಸಿದೆ. ಹತ್ತು ಗಂಟೆಗೆ ಅವರು ಬಂದರು, ಬಾಗಿಲು ತಟ್ಟಿದರು, ತೆಗೆದು ನೋಡಿದರು. ಸ್ವಲ್ಪ ಹೊತ್ತು ನೋಡಿದರು.

"ನಿನ್ನೆ ಬಂದಿದ್ಯಾ ತಾಯಿ?"

"ಬಂದಿದ್ದೆ ಸರ್. ಎಲ್ಲ ಸರಿಯಾಗಿತ್ತು."

"ಅಚ್ಛಾ," ಎಂದರು. ರಿಜಿಸ್ಟರ್ ತೆಗೆದು ಹೋಳಿಯ ದಿನದ ಮುಂದೆ ಪೆನ್ಸಿಲಿನಲ್ಲಿ 'ಸರಿ' ಎಂದು ಬರೆದು ತಮ್ಮ ಸಹಿ ಹಾಕಿದರು.

ಆಮೇಲಿನ ಆರೇಳು ವಾರ ಅವರು ನನ್ನೊಡನೆ ಎಂದಿನಂತೆಯೇ ಇದ್ದರು. ಒಂದೆರಡು ಸಲ ಮಾತ್ರ ಕೆಲಸದ ನಡುವೆ ಕೈ ನಿಲ್ಲಿಸಿ, "ಏನಾದ್ರೂ ಹೇಳೋದಿತ್ತಾ?" ಎಂದು ಕೇಳಿದರು. ಇಲ್ಲ ಸರ್ ಎಂದೆ. ನನ್ನ ಮುಖ ನೋಡಿ ಊರಿನ ಯೋಚನೆ ಎಂದುಕೊಂಡರು ಎಂದು ನಾನು ತಿಳಿದೆ.

ಸುಳ್ಳನ್ನು ಮಣ್ಣು ಉಳಿಸಿಕೊಳ್ಳಲಿಲ್ಲ. ಒಮ್ಮೆಯೂ ಕರಗದಿರಬೇಕಾದ ಚೀಲಗಳನ್ನು ಪರೀಕ್ಷಿಸಿದಾಗ ನೀರಿಗೆ ಬಿಟ್ಟುಕೊಂಡ ಇಂಗಾಲ ಎರಡು ಪಟ್ಟು, ಜೀವಂತ ಉಳಿದ ಸೂಕ್ಷ್ಮಜೀವಿಗಳು ಬಹಳ ಕಡಿಮೆ. ಮೇಡಂ ಅಂಕಿಗಳನ್ನು ಎರಡು ನಿಮಿಷ ನೋಡಿ, "ಇವು ಕರಗಿವೆ," ಎಂದರು. ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಮೇಜಿನ ಮೇಲೆ ರಿಜಿಸ್ಟರ್ ಇತ್ತು. ಹೋಳಿಯಂದು ಇಡೀ ಕಟ್ಟಡಕ್ಕೆ ಕರೆಂಟ್ ಇರಲಿಲ್ಲವೆಂದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು.

"ಆ ದಿನ ಯಾರ ಸರದಿ?" ಮೇಡಂ ಹಿಂದಿಯಲ್ಲಿ ಕೇಳಿದರು.

"ನನ್ನದು," ಎಂದರು ಅವರು. "ನಾನು ಬರಲಿಲ್ಲ. ನೋಡದೆ ಬರೆದೆ."

ಅವರು ಹೇಳಿದ ಮೂರು ಮಾತೂ ನಿಜ. ನನ್ನ ಕಡೆ ತಿರುಗಲಿಲ್ಲ. ಆ ಕೋಣೆಯಲ್ಲಿ ಏರ್‌ಕೂಲರಿನ ಸದ್ದಿತ್ತು, ಮೇಡಂ ಬೆರಳಿನಲ್ಲಿ ಸಹಿಯ ಮೇಲೆ ತಟ್ಟುತ್ತಿದ್ದರು. ಮಾತಾಡಲು ನನಗೆ ಬೇಕಾದಷ್ಟು ಸಮಯವಿತ್ತು.

"ಮೂವತ್ತು ವರ್ಷದ ಸರ್ವೀಸಿನಲ್ಲಿ ಸುಳ್ಳು ಎಂಟ್ರಿ! ನಿಮ್ಮಿಂದ ನಿರೀಕ್ಷಿಸಿರಲಿಲ್ಲ ಬಾಬೂಜಿ. ಮೇ ಪ್ರವಾಸಕ್ಕೆ ಬೇರೆಯವರನ್ನು ಕಳಿಸುತ್ತೇನೆ."

"ಜೀ," ಎಂದರು.

ಕಾರಿಡಾರಿನಲ್ಲಿ ನಾನು ಅವರ ಹಿಂದೆ ಓಡಿದೆ. "ಸರ್, ನಾನು ಹೋಗಿ ಹೇಳ್ತೀನಿ."

ಅವರು ನಿಂತರು. ಸಿಟ್ಟಾದಾಗ ಅವರ ದನಿ ಇಳಿಯುತ್ತಿತ್ತು. "ಬಾಟ್ಲಿ ಓರೆ ಇಡೋದು ಯಾರು ಹೇಳ್ಕೊಟ್ಟಿದ್ದು ನಿನಗೆ?"

"ನೀವೇ ಸರ್."

"ಪೂರ್ತಿ ಕಲೀಲಿಲ್ಲ ನೀನು. ಇಳಿಜಾರಿನ ಎತ್ತರದ ಕಡೆ ಬಾಟ್ಲಿಯ ಚೀಟಿ ಇರ್ಬೇಕು. ನೀನು ಉಲ್ಟಾ ಇಟ್ಟಿದ್ದೆ. ಅವತ್ತೇ ನೋಡ್ದೆ."

"ಮತ್ತೆ ಯಾಕೆ ಬರೆದ್ರಿ ಸರ್, ಸರಿ ಅಂತ?"

"ನೀನು ಹೇಳ್ದೆಯಲ್ಲ, ಬಂದಿದ್ದೆ ಅಂತ. ಕರಗಿದ್ದು ನಿನ್ನ ತಪ್ಪಲ್ಲಮ್ಮ. ಟ್ರಾನ್ಸ್‌ಫಾರ್ಮರ್ ಏನು ನಿನ್ನ ಕೈಲಿತ್ತಾ? ಕರಗಿದೆ ಅಂತ ಬರೆದಿದ್ರೆ ಮುಗೀತಿತ್ತು. ಆ ನಲವತ್ತು ಚೀಲದಲ್ಲೇ ಬೇರೆ ಪ್ರಶ್ನೆ ಕೇಳಬಹುದಿತ್ತು. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ. ಚಲೋ, ಹೋಗ್ಲಿ."

ಅವರು ಮೆಟ್ಟಿಲಿಳಿದು ಹೋದರು. ನಾನು ಮೇಡಂ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಯಾರೋ ಇದ್ದರು. ನಾಳೆ ಎಂದುಕೊಂಡೆ.

ಮೇ ಕೊನೆಯಲ್ಲಿ ಲಾಹೌಲಿಗೆ ಹೋದೆ. ಅವರ ಬದಲು ಬಂದವನಿಗೆ ಬಸ್ಸಿನಲ್ಲಿ ವಾಂತಿ, ಎತ್ತರದ ಜಾಗದಲ್ಲಿ ತಲೆನೋವು, ಯಾಕೆ ಬಂದೆನೋ ಎಂದು ಗೊಣಗುತ್ತಲೇ ಇದ್ದ. ಬೆಳಿಗ್ಗೆ ಹತ್ತರ ಬಿಸಿಲು ಇಳಿಜಾರಿಗೆ ಬಿದ್ದಾಗ ನಾನು ಒಬ್ಬಳೇ ನೆಲದ ಮೇಲೆ ಮಂಡಿಯೂರಿ ಕಿವಿಯಿಟ್ಟೆ. ಸದ್ದು ಬರುತ್ತದೆ. ಮೊದಲು ಒಣ ಕಡ್ಡಿ ಮುರಿದಂತೆ ಅಲ್ಲಲ್ಲಿ ಸಣ್ಣಗೆ, ಆಮೇಲೆ ಒಲೆಯ ಮೇಲೆ ಅಕ್ಕಿ ಕುದಿಯಲು ಶುರುವಾದಂತೆ. ಸ್ವಲ್ಪ ಹೊತ್ತಿಗೆ ಹುಲ್ಲಿನ ಬುಡದಿಂದ ಕಂದು ಬಣ್ಣದ ನೀರು ಜಿನುಗಿತು. ಒಂದು ಬಾಟಲಿ ತುಂಬಿಕೊಂಡೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದೆ.

ಜುಲೈ ಕೊನೆಯ ದಿನ ಅವರ ನಿವೃತ್ತಿ. ಲ್ಯಾಬಿನಲ್ಲಿ ಸಮೋಸ, ಹಾರ, ಮೇಡಂ ಅವರ ಐದು ನಿಮಿಷದ ಭಾಷಣ. ಭಾಷಣದಲ್ಲಿ ಶಿಸ್ತು ಎಂಬ ಮಾತು ಬರಲಿಲ್ಲ. ಬೇರೆಯವರ ಬೀಳ್ಕೊಡುಗೆಗಳಲ್ಲಿ ಅದು ಬರುತ್ತಿತ್ತು. ಎಲ್ಲ ಹೋದ ಮೇಲೆ ನಾನು ಬಾಟಲಿ ಕೊಟ್ಟೆ. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು.

"ಎರಡನೇ ಡಿಕಾಕ್ಷನ್ ಥರ ಇದೆ," ಎಂದರು. ಆಮೇಲೆ, "ಸದ್ದು?"

"ಬರುತ್ತೆ ಸರ್." ಹೇಗೆ ಎಂದು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಮೇಡಂಗೆ ಇನ್ನೂ ಏನೂ ಹೇಳಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ದಸರೆಯ ಹೊತ್ತಿಗೆ ಅವರು ಕ್ವಾರ್ಟರ್ಸ್ ಬಿಟ್ಟು ಘಾಜಿಯಾಬಾದಿನ ತಮ್ಮ ಸಣ್ಣ ಫ್ಲ್ಯಾಟಿಗೆ ಹೋದರು. ಮುಂದಿನ ಒಂದೂಕಾಲು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಎರಡೇ ಸಲ. ಆಂಟಿ ಕಾಫಿ ಕೊಡುತ್ತಿದ್ದರು. ಅವರು ಇನ್‌ವರ್ಟರ್ ರಿಪೇರಿಯವನ ಬಗ್ಗೆ, ಹೋಗಿ ಬರುವ ಕರೆಂಟಿನ ಬಗ್ಗೆ ಮಾತಾಡುತ್ತಿದ್ದರು. ನಾನು ಗಡಿಯಾರ ನೋಡಿಕೊಂಡು ಏಳುತ್ತಿದ್ದೆ. ಕರಗಿಹೋದ ಆ ಚೀಲಗಳು ವ್ಯರ್ಥವಾಗಲಿಲ್ಲ. ಅವರು ಹೇಳಿದಂತೆಯೇ ಅವುಗಳಿಂದ ಬೇರೆ ಪ್ರಶ್ನೆ ಕೇಳಿದೆ, ಅದೇ ನನ್ನ ಥೀಸಿಸಿನ ಒಳ್ಳೆಯ ಅಧ್ಯಾಯವಾಯಿತು.

ಡಿಸೆಂಬರಿನಲ್ಲಿ, ಥೀಸಿಸ್ ಸಲ್ಲಿಸಿದ ಮೇಲೆ, ಮೇಡಂಗೆ ಎಲ್ಲವನ್ನೂ ಹೇಳಿದೆ. ಸಲ್ಲಿಸಿದ ಮೇಲೆ. ಅವರು, "ಬಾಬೂಜಿಗೆ ಫೋನ್ ಮಾಡಬೇಕು ನಾನು," ಎಂದರು. ನಾನೂ ಅವರಿಗೆ ಫೋನಿನಲ್ಲಿ ಹೇಳಿಬಿಡಬಹುದಿತ್ತು. ಇಷ್ಟು ದಿನ ಆಗಿದೆ, ಎದುರಿಗೆ ಕುಳಿತು ಹೇಳೋಣ, ವೈವಾ ಮುಗಿಯಲಿ ಎಂದುಕೊಂಡೆ. ಜನವರಿ ಎರಡನೇ ವಾರದ ಚಳಿಯಲ್ಲಿ ಬೆಳಿಗ್ಗೆ ಹಾಲು ತರಲು ಹೋದವರು ಲಿಫ್ಟಿನ ಬಳಿಯೇ ಕುಸಿದರಂತೆ. ಮಂಕಿ ಟೋಪಿ ಹಾಕಿಕೊಂಡಿದ್ದರಂತೆ.

ಹದಿನೈದು ದಿನವಾದ ಮೇಲೆ ಹೋದೆ. ಆಂಟಿಯ ಕಣ್ಣು ಈಗ ಚೆನ್ನಾಗಿತ್ತು. ನನ್ನನ್ನು ಕೂರಿಸಿ, ಅವರು ಹೋದ ದಿನದ ವಿವರ ಹೇಳುತ್ತ ಹೇಳುತ್ತ ಗೋಡೆಯ ಮೊಳೆಗೆ ತೂಗುಹಾಕಿದ್ದ ಜಾಕೆಟ್ಟಿನ ಕಡೆ ನೋಡಿದರು. ಒಮ್ಮೆಯೂ ಹಾಕಿರದ ಜಾಕೆಟ್.

"ನನ್ನ ಕಣ್ಣಿನ ಆಪರೇಷನ್ನು ಆ ವಾರವೇ ಬರಬೇಕಿತ್ತಾ ಹೇಳು. ಇಲ್ಲದಿದ್ರೆ ಹೋಳಿ ದಿನ ಲ್ಯಾಬಿಗೆ ಹೋಗಿರ್ತಿದ್ರು. ಆ ಹಿಮಾನೂ ನೋಡಿರ್ತಿದ್ರು. ನನ್ನಿಂದ ತಪ್ಪಿತು."

ಅವರು ಮನೆಯಲ್ಲೂ ನನ್ನ ಹೆಸರು ಹೇಳಿರಲಿಲ್ಲ.

ಆಗ ನಾನು ಹೇಳಿದೆ. ಗೇಟು, ಬಾಟಲಿ, ಮೈನಸ್ ಎಂಬತ್ತು, ಮೇಡಂ ಕೋಣೆ, ಯಾವುದನ್ನೂ ಬಿಡಲಿಲ್ಲ. ಆಂಟಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿದರು.

"ಅವರಿಗೆ ಹೇಳಿದ್ಯಾ, ಮೇಡಂಗೆ ಹೇಳಿದೀನಿ ಅಂತ?"

"ಇಲ್ಲ ಆಂಟಿ."

"ಮೇಡಂ ಫೋನೂ ಬರ್ಲಿಲ್ಲ. ಹೇಳ್ಬೇಕಿತ್ತಮ್ಮ," ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎದ್ದು ಬರಲು ಸುಲಭವಾಗುತ್ತಿತ್ತೇನೋ.

ಹೊರಡುವಾಗ ಆಂಟಿಯೇ, "ಫ್ರಿಜ್ಜಿನಲ್ಲಿ ಒಂದು ಬಾಟ್ಲಿ ಇದೆ, ಅದರ ಮೇಲೆ ನಿನ್ನ ಹೆಸರಿದೆ. ಬಿಸಾಡೋಕೆ ಬಿಡ್ತಿರಲಿಲ್ಲ. ಏನು ಮಾಡಲಿ ನೋಡು," ಎಂದರು.

ಮೇಲಿನ ಖಾನೆ ತೆಗೆದೆ. ತೆಂಗಿನತುರಿಯ ಡಬ್ಬಿಯ ಪಕ್ಕದಲ್ಲಿ ಲಾಹೌಲಿನ ನೀರು. ಹೆಪ್ಪುಗಟ್ಟುವಾಗ ಕಂದು ಬಣ್ಣವೆಲ್ಲ ನಡುವಿಗೆ ಸರಿದು, ಸುತ್ತಲೂ ತಿಳಿಯಾದ ಮಂಜುಗಡ್ಡೆ. ನಾನು ಬರೆದಿದ್ದ ಚೀಟಿಯ ಕೆಳಗೆ ಅವರು ಇನ್ನೊಂದು ಚೀಟಿ ಅಂಟಿಸಿದ್ದರು, ಅದು ತುಂಬಿ ಮತ್ತೊಂದು. ಸಣ್ಣ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ದಿನಾಂಕ, 'ಕರಗಿತು', ಸಹಿ. ದಿನಾಂಕ, 'ಕರಗಿತು', ಸಹಿ. ಆ ಊರಿನ ಕರೆಂಟ್ ಹೋಗಿ ಬಂದ ಅಷ್ಟೂ ಸಲ. ಪ್ರತಿ ಸಲವೂ ಬರೆದು, ಮತ್ತೆ ಓರೆಯಾಗಿ ಇಟ್ಟಿರಬೇಕು. ಕೇಳುವವರು ಯಾರೂ ಇಲ್ಲದ ಮನೆಯ ಫ್ರಿಜ್ಜಿನಲ್ಲಿ. ಕೊನೆಯ ಸಾಲು ಅವರು ಹೋಗುವುದಕ್ಕೆ ನಾಲ್ಕು ದಿನ ಮುಂಚಿನದು.

ಈಗ ಮಂಜುಗಡ್ಡೆ ಮಟ್ಟವಾಗಿತ್ತು.

"ಆಂಟಿ, ಈಚೆಗೆ ಕರೆಂಟ್ ಹೋಗಿತ್ತಾ?"

"ಹೋದ ಮಂಗಳವಾರ ಇಡೀ ದಿನ ಇರಲಿಲ್ಲ. ಯಾಕೆ?"

"ಒಂದು ಪೆನ್ಸಿಲ್ ಕೊಡ್ತೀರಾ?"

ಟೀವಿಯ ಪಕ್ಕದ ಲೋಟದಲ್ಲಿ ಅವರದ್ದೇ ಇತ್ತು. ಬ್ಲೇಡಿನಲ್ಲಿ ಹೆರೆದ, ಬೆರಳಿನಷ್ಟು ಉಳಿದಿದ್ದ ಪೆನ್ಸಿಲ್. ಕೊನೆಯ ಸಾಲಿನ ಕೆಳಗೆ ಆ ಮಂಗಳವಾರದ ದಿನಾಂಕ ಬರೆದೆ. 'ಕರಗಿತು' ಎಂದು ಬರೆದೆ. ಎರಡೂ ಇನಿಷಿಯಲ್ ಸೇರಿಸಿ ನನ್ನ ಪೂರ್ತಿ ಹೆಸರು ಬರೆದೆ. ಪಸೆಗೆ ಕೈ ಜಾರುತ್ತಿತ್ತು, ಅಕ್ಷರ ಹರಡಲಿಲ್ಲ.

ಬಾಟಲಿಯನ್ನು ಮತ್ತೆ ಕರಗಿಸಿ ಓರೆ ಮಾಡಲಿಲ್ಲ. ಅದು ಹೇಗಿತ್ತೋ ಹಾಗೆಯೇ ನಿಲ್ಲಿಸಿ ಬಾಗಿಲು ಹಾಕಿದೆ.